ರಾಣೆಬೆನ್ನೂರಿಗೆ ಹೋಗದ ಕೌದಿ

ಮೋಹನ್ ಕುಮಾರನನ್ನು ಬಸವೇಶ್ವರನಗರದ ನಮ್ಮ ರಸ್ತೆಗಳಲ್ಲಿ ಎಲ್ಲರೂ ಕೊರಿಯರ್ ಮೋಹನ ಎಂದೇ ಕರೆಯುತ್ತಾರೆ. ಇಲ್ಲಿನ ಮನೆಗಳಲ್ಲಿ ಎಷ್ಟೋ ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಎದ್ದಿವೆ. ಲೇಔಟ್ ಆದಮೇಲೆ ಅವನಪ್ಪ ಮುನಿವೆಂಕಟಪ್ಪನಿಗೆ ಉಳಿದದ್ದು ಒಂದು ಮೂಲೆ ಸೈಟು. ಅದರಲ್ಲಿ ಮನೆ ಕಟ್ಟಿಸಿ, ಮಹಡಿಯ ಎರಡು ಪೋರ್ಷನ್‌ಗಳನ್ನು ಬಾಡಿಗೆಗೆ ಕೊಟ್ಟು, ಕೆಳಗೆ ರಸ್ತೆಗೆ ತೆರೆದುಕೊಳ್ಳುವ ಒಂದು ಅಂಗಡಿ ಮಳಿಗೆಯನ್ನು ಮಗನಿಗೆಂದು ಬಿಟ್ಟು ಅವರು ತೀರಿಕೊಂಡರು. ಮೋಹನ ಅದರಲ್ಲಿ ಒಂದು ಜೆರಾಕ್ಸ್ ಮಿಷನ್ ಇಟ್ಟ. ಆಮೇಲೆ ಒಂದು ಕೊರಿಯರ್ ಕಂಪನಿಯ ಏಜೆನ್ಸಿ ಹಿಡಿದ. ಹೆಂಡತಿ ಮಾನಸ ಮಧ್ಯಾಹ್ನ ಅವನು ಊಟಕ್ಕೆ ಒಳಗೆ ಹೋದಾಗ ಬಂದು ಕೂರುತ್ತಾಳೆ. ತಾಯಿ ಮುನಿತಾಯಮ್ಮ ಒಳಮನೆಯಲ್ಲಿದ್ದಾರೆ.

ಜನ ಅವನ ಅಂಗಡಿಗೆ ಬರೀ ಕೊರಿಯರ್ ಕೊಡಲು ಬರುತ್ತಿರಲಿಲ್ಲ. ಆಧಾರ್ ತಿದ್ದುಪಡಿಗೆ ಎಲ್ಲಿ ಹೋಗಬೇಕು, ನೀರಿನ ಬಿಲ್ಲು ಜಾಸ್ತಿ ಬಂದರೆ ಯಾರನ್ನು ಕೇಳಬೇಕು, ನಂದಿನಿ ಲೇಔಟ್‌ನಲ್ಲಿ ಮಂಡಿ ನೋವಿಗೆ ಒಳ್ಳೆ ಡಾಕ್ಟರು ಯಾರು, ಎಲ್ಲಕ್ಕೂ ಅವನನ್ನೇ ಕೇಳುತ್ತಿದ್ದರು. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ನಾನಂತೂ ಕೇಳಿರಲಿಲ್ಲ. ಕೇಳಿದ ಕೂಡಲೇ ಉತ್ತರ ಸಿದ್ಧವಾಗಿರುತ್ತಿತ್ತು. ಹೆಚ್ಚಿನ ಸಲ ಅದು ಸರಿಯೂ ಇರುತ್ತಿತ್ತು. ಹಾಗಾಗಿ ಜನ ನಂಬಿದ್ದರು, ಅವನಿಗೂ ಆ ನಂಬಿಕೆಯ ಬಗ್ಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಕಲ್ಯಾಣಮ್ಮ ಅವನ ಅಂಗಡಿಗೆ ಆ ಪಾರ್ಸೆಲ್ ಹಿಡಿದು ಬಂದದ್ದು ಯುಗಾದಿಗೆ ಸ್ವಲ್ಪ ಮುಂಚೆ. ಎರಡು ರಸ್ತೆ ಆಚೆ, ಮೊದಲ ಮಹಡಿಯಲ್ಲಿ ಅವರ ಮನೆ. ಮೂಲ ಹರಪನಹಳ್ಳಿ ಕಡೆಯವರು. ಗಂಡ ಚನ್ನವೀರಪ್ಪ ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತರಾದವರು. ಮೂವತ್ತು ವರ್ಷದಿಂದ ಇಲ್ಲೇ ಇದ್ದರೂ ಕಲ್ಯಾಣಮ್ಮನ ಮಾತಿನಲ್ಲಿ ಊರಿನ ಎಳೆ ಇನ್ನೂ ಇತ್ತು. ಆಗಷ್ಟೇ ಮಂಡಿ ಆಪರೇಷನ್ ಆಗಿದ್ದರಿಂದ ಕೋಲು ಊರಿಕೊಂಡು, ಗಂಡನ ಸ್ಕೂಟರಿನಿಂದ ಇಳಿದು ನಿಧಾನವಾಗಿ ಮೆಟ್ಟಿಲು ಹತ್ತಿದರು. ಪಾರ್ಸೆಲನ್ನು ಹಳೆಯ ಕಾಲದವರ ಹಾಗೆ ಬಿಳಿ ಬಟ್ಟೆಯಲ್ಲಿ ಸುತ್ತಿ, ಸುತ್ತಲೂ ದಾರದಲ್ಲಿ ಹೊಲಿದು, ಮೇಲೆ ನೀಲಿ ಶಾಯಿಯಲ್ಲಿ ವಿಳಾಸ ಬರೆದಿದ್ದರು. ರಾಣೆಬೆನ್ನೂರಿನಲ್ಲಿರುವ ತಂಗಿ ಸರ್ವಮಂಗಳಳ ವಿಳಾಸ ಅದು.

ಒಳಗೆ ಏನಿದೆ ಎಂದು ಅವನು ಎಲ್ಲರನ್ನೂ ಕೇಳುವಂತೆ ಕೇಳಿದ. ಕೌದಿ ಎಂದರು ಕಲ್ಯಾಣಮ್ಮ. ತಂಗಿಯ ಮಗಳು ವಚನಾಳಿಗೆ ಗಂಡು ಮಗು ಹುಟ್ಟಿತ್ತು. ತೊಟ್ಟಿಲು ಹಾಕುವ ಶಾಸ್ತ್ರಕ್ಕೆ ಹೋಗಲು ಮಂಡಿ ಬಿಡಲೊಲ್ಲದು. ಅದಕ್ಕೆ ತೊಟ್ಟಿಲಲ್ಲಿ ಹಾಸಲು ಈ ಕೌದಿಯನ್ನಾದರೂ ಕಳಿಸುತ್ತಿದ್ದರು. ತೀರಿಹೋದ ತಾಯಿಯ ಸೀರೆಗಳನ್ನು ಅಕ್ಕತಂಗಿ ಹಂಚಿಕೊಂಡಿದ್ದರಂತೆ. ನನಗೆ ಹೊಲಿಯಲು ಬರುವುದಿಲ್ಲ, ನೀನೇ ಏನಾದರೂ ಮಾಡು ಎಂದು ತಂಗಿ ತನ್ನ ಪಾಲಿನವನ್ನೂ ಅಕ್ಕನ ಕೈಗೇ ಕೊಟ್ಟಿದ್ದಳು. ಆ ಸೀರೆಗಳನ್ನೆಲ್ಲ ಕತ್ತರಿಸಿ, ಒಂದರ ಮೇಲೊಂದು ಪದರ ಹಾಕಿ, ಕಾಲು ಚಾಚಿ ಕೂತು ಕೈಯಲ್ಲೇ ಹೊಲಿದದ್ದು. ಇಷ್ಟನ್ನೂ ಅವರು ಕೌಂಟರಿನ ಮುಂದೆ ನಿಂತೇ ಹೇಳಿದರು. ಮೋಹನ ತಲೆಯಾಡಿಸುತ್ತಾ ಬೇರೆಯವರ ಜೆರಾಕ್ಸ್ ತೆಗೆಯುತ್ತಿದ್ದ.

"ಜೋಪಾನ ನೋಡ್ರಿ. ಶಾಸ್ತ್ರಕ್ಕೆ ಮುಂಚೆ ಮುಟ್ಟಬೇಕು" ಎಂದರು ಕಲ್ಯಾಣಮ್ಮ.

ಎರಡೇ ದಿನದಲ್ಲಿ ಹೋಗುತ್ತದೆ, ಚಿಂತೆ ಬಿಡಿ ಎಂದ. ಅವತ್ತು ನೆಟ್ ಇರಲಿಲ್ಲ. ಕೈಯಲ್ಲೇ ರಸೀದಿ ಬರೆದುಕೊಟ್ಟು, ನೆಟ್ ಬಂದಮೇಲೆ ಕಂಪ್ಯೂಟರಿಗೆ ಹಾಕಿದರಾಯಿತು ಎಂದು ಪಾರ್ಸೆಲನ್ನು ಹಿಂದಿನ ಚಿಕ್ಕ ಕೋಣೆಯ ಅಟ್ಟಣೆಯ ಮೇಲಿಟ್ಟ. ಸಂಜೆ ಮುನಿತಾಯಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಆಸ್ಪತ್ರೆ ಓಡಾಟದಲ್ಲಿ ಅಂಗಡಿ ಕೆಲವು ದಿನ ಮುಚ್ಚಿತ್ತು. ಮತ್ತೆ ತೆಗೆದಾಗ ಪೇಪರಿನ ದೊಡ್ಡ ಲೋಡು ಬಂದು ಆ ಡಬ್ಬಗಳೆಲ್ಲ ಅದೇ ಅಟ್ಟಣೆ ಏರಿದವು. ಬಿಳಿ ಬಟ್ಟೆಯ ಗಂಟು ಅವುಗಳ ಹಿಂದೆ ಸೇರಿತು. ಅವನಿಗೆ ಅದರ ನೆನಪೇ ಹೋಯಿತು.

ಇಷ್ಟೇ ಆಗಿದ್ದರೆ ಅದು ಮರೆವು. ಯಾರಿಗೆ ಬೇಕಾದರೂ ಆಗಬಹುದಾದದ್ದು.

ಕಲ್ಯಾಣಮ್ಮ ರಸೀದಿ ಹಿಡಿದು ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಶಾಲಾ ಕಾಲೇಜಿನ ಅರ್ಜಿಗಳ ಸಮಯ. ಕೌಂಟರಿನ ಮುಂದೆ ಜನ ಮುತ್ತಿದ್ದರು. ಕೌದಿ ಇನ್ನೂ ಮುಟ್ಟಿಲ್ಲವಂತೆ, ಶಾಸ್ತ್ರ ಮುಗಿದೇ ಹೋಯಿತು, ಸ್ವಲ್ಪ ನೋಡಿ ಎಂದರು. ಅವನು ರಸೀದಿಯ ನಂಬರನ್ನು ಕಂಪ್ಯೂಟರಿನಲ್ಲಿ ಒತ್ತಿದ. ಇಂಥ ನಂಬರೇ ಇಲ್ಲ ಎಂದು ಪರದೆ ಹೇಳಿತು. ಪರದೆ ತನ್ನ ಕಡೆ ತಿರುಗಿದ್ದರಿಂದ ಅದು ಅವನಿಗೊಬ್ಬನಿಗೇ ಕಾಣುತ್ತಿತ್ತು. ಹಿಂದಿನಿಂದ ಯಾರೋ ಬೇಗ ಸಾರ್ ಎಂದರು. ಕಳಿಸಿದ ಪಾರ್ಸೆಲುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮುಟ್ಟುತ್ತವೆ ಎಂಬುದು ಅವನ ಲೆಕ್ಕ. ಮುಖ ಎತ್ತದೆಯೇ ಹೇಳಿಬಿಟ್ಟ:

"ಡೆಲಿವರಿ ಆಗಿದೆ ಆಂಟಿ. ಅಲ್ಲಿ ಮನೇಲಿ ಯಾರೋ ಇಸ್ಕೊಂಡಿರ್ತಾರೆ. ವಿಚಾರಿಸಿ ನೋಡಿ."

ಅವರು ಹೋದರು. ಕೆಲವು ದಿನದ ಮೇಲೆ ಮತ್ತೆ ಬಂದರು, ಈ ಸಲ ದನಿ ತಗ್ಗಿಸಿಕೊಂಡು. ತಂಗಿ ಬಂದೇ ಇಲ್ಲ ಅಂತಾಳೆ, ಇನ್ನೊಂದು ಸಲ ಸರಿಯಾಗಿ ನೋಡ್ತೀರಾ ಎಂದರು. ಆಗಲಾದರೂ ನಿಜ ಹೇಳಬಹುದಿತ್ತು. ಆದರೆ ಒಮ್ಮೆ ಆಡಿದ ಮಾತನ್ನು ಜನರ ಮುಂದೆ ಹಿಂದಕ್ಕೆ ತೆಗೆದುಕೊಳ್ಳುವುದು ಅವನಿಗೆ ಗೊತ್ತಿರಲಿಲ್ಲ. "ತಗೊಂಡೋರೇ ಇಲ್ಲ ಅಂದ್ರೆ ನಾವೇನ್ ಮಾಡಕ್ಕಾಗತ್ತೆ ಆಂಟಿ? ಎಷ್ಟೋ ಮನೇಲಿ ಹಂಗೇ ಆಗತ್ತೆ" ಎಂದ. ಕಲ್ಯಾಣಮ್ಮ ರಸೀದಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ಆಮೇಲೆ ಅವರು ಬರಲಿಲ್ಲ. ವ್ಯವಹಾರ ಮುಗಿಯಿತು ಎಂದುಕೊಂಡು ಅವನು ಅದನ್ನೂ ಮರೆತ.

ಆಯುಧಪೂಜೆಯ ಹಿಂದಿನ ದಿನ ಅಂಗಡಿ ತೊಳೆಯುವುದು ಪ್ರತಿ ವರ್ಷದ ರೂಢಿ. ಮಾನಸ ಸೆರಗು ಸಿಕ್ಕಿಸಿ ಕೆಳಗೆ ನಿಂತಿದ್ದಳು, ಮೋಹನ ಸ್ಟೂಲ್ ಹತ್ತಿ ಅಟ್ಟಣೆಯ ಡಬ್ಬಗಳನ್ನು ಒಂದೊಂದಾಗಿ ಇಳಿಸಿಕೊಡುತ್ತಿದ್ದ. ಹಿಂದೆ ಕೈಗೆ ಮೆತ್ತಗಿನ ಏನೋ ಸಿಕ್ಕಿತು. ಎಳೆದ. ಧೂಳು ಹಿಡಿದ ಬಿಳಿ ಬಟ್ಟೆ, ನೀಲಿ ಶಾಯಿ. ಒಂದು ಮೂಲೆಯನ್ನು ಇಲಿ ಕಡಿದು ತೂತು ಮಾಡಿತ್ತು. ಅಲ್ಲಿಂದ ಜೋಳದ ನಾಲ್ಕಾರು ಕಾಳು, ಸಿಪ್ಪೆ ಸಮೇತ ಉದುರಿ ಮಾನಸಳ ತಲೆಯ ಮೇಲೆ ಬಿದ್ದವು.

ಯಾರದು ಎಂದು ಅವಳು ಕೇಳಿದಳು. ಹಳೇದು, ಯಾವುದೋ ರಿಟರ್ನ್ ಬಂದದ್ದು ಎಂದ. ಹೆಂಡತಿಗೂ ಸುಳ್ಳು ಹೇಳಿಯಾಯಿತು ಎಂದು ಸ್ಟೂಲಿನ ಮೇಲೆ ನಿಂತಿದ್ದಾಗಲೇ ಅನಿಸಿತಂತೆ. ಗಂಟನ್ನು ಕಂಕುಳಲ್ಲಿಟ್ಟುಕೊಂಡು ಇಳಿದ.

ಅವಳು ಒಳಗೆ ಹೋದಮೇಲೆ ಹೊಲಿಗೆ ಬಿಚ್ಚಿ ನೋಡಿದ. ಸೀರೆಯ ತುಂಡುಗಳು: ಬದನೆ ಬಣ್ಣದವು, ಕೆಂಪು ಅಂಚಿನವು, ನಡುವೆ ಒಂದು ಇಳಕಲ್ ಸೆರಗು. ಉದ್ದಕ್ಕೂ ಸಣ್ಣ ಸಣ್ಣ ಹೊಲಿಗೆ, ಎಲ್ಲೂ ಸಾಲು ತಪ್ಪಿರಲಿಲ್ಲ. ಇಲಿ ಕಡಿದದ್ದು ಒಂದೇ ಮೂಲೆ, ಅಂಗೈಯಷ್ಟು ಅಗಲ. ತಕ್ಷಣ ಎತ್ತಿಕೊಂಡು ಹೋಗಿ ಕಲ್ಯಾಣಮ್ಮನ ಮುಂದೆ ಇಡಬೇಕು ಎನಿಸಿತು. ಎರಡು ರಸ್ತೆ ಆಚೆಯ ಮನೆ. ಅಂಗಡಿಯ ಬಾಗಿಲವರೆಗೂ ಹೋದ. ಅಲ್ಲಿ ನಿಂತಾಗ ತಾನು ಅವರಿಗೆ ಹೇಳಿದ್ದ ಮಾತುಗಳೆಲ್ಲ ಅದೇ ಧಾಟಿಯಲ್ಲಿ ನೆನಪಾದವು. ಎಷ್ಟೋ ಮನೇಲಿ ಹಂಗೇ ಆಗತ್ತೆ. ವಾಪಸ್ ಬಂದು ಕೂತ.

ಸ್ವಲ್ಪ ಹೊತ್ತಿಗೆ ಬೇರೆ ದಾರಿ ಹೊಳೆಯಿತು. ಗಂಟನ್ನು ಸ್ಕೂಟರಿನಲ್ಲಿಟ್ಟುಕೊಂಡು ಪಕ್ಕದ ರಸ್ತೆಯಲ್ಲಿ ಬ್ಲೌಸ್ ಹೊಲಿಯುವವನ ಹತ್ತಿರ ಹೋಗಿ, ಆ ಮೂಲೆಗೆ ಒಂದು ತೇಪೆ ಹಾಕಿಸಿದ. ಟೈಲರ್ ಬಳಿ ಇದ್ದದ್ದು ಮಿರಮಿರ ಮಿನುಗುವ ಕೆಂಪು ಸ್ಯಾಟಿನ್. ಮಿಷನ್ನಿನಲ್ಲಿ ಎರಡು ಸುತ್ತು ಓಡಿಸಿಕೊಟ್ಟ. ಚೆನ್ನಾಗಿಯೇ ಇದೆ ಎಂದು ಮೋಹನ ತನಗೆ ತಾನೇ ಹೇಳಿಕೊಂಡ. ಹೊಸ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ತನ್ನ ಕೈಯಲ್ಲೇ ವಿಳಾಸ ಬರೆದು, ಕಳಿಸಿದವರು ಕಲ್ಯಾಣಮ್ಮ ಎಂದು ನಮೂದಿಸಿ, ಆ ಸಂಜೆಯ ಗಾಡಿಗೇ ಹಾಕಿದ. ತಡವಾದರೂ ಮುಟ್ಟುತ್ತದೆ, ತಂಗಿ ಅಕ್ಕನಿಗೆ ಫೋನ್ ಮಾಡಿ ಬಂತು ಎನ್ನುತ್ತಾಳೆ, ಅಲ್ಲಿಗೆ ಎಲ್ಲ ಸರಿಹೋಗುತ್ತದೆ. ಮರುದಿನ ಜೆರಾಕ್ಸ್ ಮಿಷನ್ನಿಗೆ ಕುಂಕುಮ ಹಚ್ಚಿ, ಹೊಸ್ತಿಲಲ್ಲಿ ಬೂದುಗುಂಬಳ ಒಡೆದು, ಬಂದವರಿಗೆಲ್ಲ ಪುರಿ ಹಂಚಿದ.

ಒಂದು ವಾರವೂ ಕಳೆದಿರಲಿಲ್ಲ. ಬೆಳಿಗ್ಗೆ ನಮ್ಮ ಏರಿಯಾಕ್ಕೆ ಹಂಚಬೇಕಾದ ಚೀಲ ಬಿಚ್ಚಿದಾಗ ಅದರಲ್ಲಿ ಅದೇ ಗಾತ್ರದ ಒಂದು ಪಾರ್ಸೆಲ್ ಇತ್ತು. ಕಳಿಸಿದವರು ಸರ್ವಮಂಗಳ, ರಾಣೆಬೆನ್ನೂರು. ಹೋಗಬೇಕಾದದ್ದು ಕಲ್ಯಾಣಮ್ಮನಿಗೆ. ಒತ್ತಿ ನೋಡಿದ. ಒಳಗಿನದು ಏನೆಂದು ಬೆರಳಿಗೇ ಗೊತ್ತಾಯಿತು.

ಡೆಲಿವರಿ ಮಾಡುವ ಹುಡುಗನಿಗೆ ಅದನ್ನು ಕೊಡದೆ ಮೇಜಿನ ಕೆಳಗೆ ಇಟ್ಟುಕೊಂಡ. ಮಧ್ಯಾಹ್ನದ ಹೊತ್ತಿಗೆ ತಡೆಯಲಾಗದೆ ಅದರ ಮೇಲಿದ್ದ ನಂಬರಿಗೆ ಫೋನ್ ಮಾಡಿ, ಕೊರಿಯರ್ ಕಡೆಯಿಂದ ಮಾತಾಡುತ್ತಿದ್ದೇನೆ, ವಿಳಾಸ ಸರಿಯಿದೆಯೇ ಎಂದು ಕೇಳಿದ. ಆ ಕಡೆ ಎತ್ತಿದವಳು ಸರ್ವಮಂಗಳ.

"ಸರಿ ಐತ್ರಿ. ನಮ್ಮಕ್ಕನ ಮನಿ ಅದು. ತಗೋಳಾಕ ಒಲ್ಲೆ ಅಂದ್ರ ಬಾಗಿಲ ಮುಂದ ಇಟ್ಟು ಬರ್ರಿ."

ಯಾಕಮ್ಮ ಹಾಗೆ ಎಂದ. ಕೇಳಬಾರದಿತ್ತು. ಅಪರಿಚಿತನ ಮುಂದೆಯೇ ಸುಲಭ ಎನಿಸಿತೋ ಏನೋ, ಅವಳು ಹೇಳತೊಡಗಿದಳು. ತೊಟ್ಟಿಲ ಶಾಸ್ತ್ರಕ್ಕೆ ಕೌದಿ ಕಳಿಸಿದೆ ಎಂದು ಅಕ್ಕ ಹೇಳಿದ್ದು, ಬರಲಿಲ್ಲ ಎಂದಾಗ ನೀನೇ ಇಸಿದುಕೊಂಡು ಸುಳ್ಳು ಹೇಳುತ್ತೀ ಎಂದದ್ದು, ಕೊರಿಯರಿನವರೇ ಮುಟ್ಟಿದೆ ಎನ್ನುತ್ತಾರೆ ಎಂದು ಆಣೆ ಇಟ್ಟದ್ದು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ.

"ಈಗ ಕಳಿಸ್ಯಾಳ ನೋಡ್ರಿ. ಇಷ್ಟು ದಿನ ತಾನ ಹಾಸ್ಕೊಂಡು, ಇಲಿ ಕಡದ ಮ್ಯಾಲ ಮಿಷನ್ನಿನ್ಯಾಗ ತ್ಯಾಪಿ ಹಚ್ಚಿಸಿ, ಹಳೇದ ಮಾಡಿ ಕಳಿಸ್ಯಾಳ. ನಮ್ಮವ್ವನ ಸೀರಿ ಅವು. ನನಗ ಬ್ಯಾಡ."

ಮೋಹನ ಪಾರ್ಸೆಲನ್ನು ಮೇಜಿನ ಕೆಳಗೆ ಇನ್ನಷ್ಟು ಒಳಗೆ ತಳ್ಳಿದ. ಸರಿ ಅಮ್ಮ ಎಂದು ಫೋನ್ ಇಟ್ಟ. ಅಂಗಡಿಗೆ ಬಂದ ಒಬ್ಬರು ಹಾಸನಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದರೆ ನಾಳೆ ಬನ್ನಿ ಎಂದು ಕಳಿಸಿಬಿಟ್ಟನಂತೆ. ಊಟಕ್ಕೆ ಒಳಗೆ ಹೋಗಲಿಲ್ಲ. ಮಾನಸ ಹೊರಗೆ ಬಂದಾಗ ಷಟರ್ ಅರ್ಧ ಇಳಿಸಿ, ಯುಗಾದಿಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಅವಳು ಬೈಯಲಿಲ್ಲ. ಆ ಜೋಳದ ಕಾಳು ತಲೆ ಮೇಲೆ ಬಿದ್ದಾಗಲೇ ಹೇಳಬಾರದಿತ್ತಾ ಎಂದಳು. ನೀನೂ ಬಾ, ಆಂಟಿ ಹತ್ತಿರ ಹೋಗಿ ಹೇಳೋಣ ಎಂದು ಕೇಳಿಕೊಂಡ.

"ನಾನು ಬರಲ್ಲ. ನೀವೊಬ್ರೇ ಹೋಗಿ. ನಾನಿದ್ರೆ ಅವರು ಬೈಯಕ್ಕೂ ಹಿಂಜರೀತಾರೆ" ಎಂದಳು ಮಾನಸ.

ಬಾಗಿಲು ತೆಗೆದವರು ಚನ್ನವೀರಪ್ಪ. ಮೋಹನನನ್ನು ನೋಡಿ ಏನೋ ಡೆಲಿವರಿ ಎಂದುಕೊಂಡು, ನೀವೇ ಯಾಕೆ ತರಲು ಹೋದಿರಿ ಎಂದು ಉಪಚರಿಸಿ ಒಳಗೆ ಕೂರಿಸಿದರು. ಕಲ್ಯಾಣಮ್ಮ ಬೇಡವೆಂದರೂ ಕೇಳದೆ ಕಾಫಿ ತಂದಿಟ್ಟರು. ಈಗ ಕೋಲಿರಲಿಲ್ಲ, ಆದರೆ ನಡಿಗೆ ಇನ್ನೂ ಒಂದು ಕಡೆ ವಾಲುತ್ತಿತ್ತು. ಆ ಕಾಫಿ ಕುಡಿದರೆ ಇನ್ನೊಂದು ತಪ್ಪಾಗುತ್ತದೆ ಎನಿಸಿ ಅವನು ಲೋಟ ಮುಟ್ಟಲಿಲ್ಲ. ಪಾರ್ಸೆಲನ್ನು ತೊಡೆಯ ಮೇಲಿಟ್ಟುಕೊಂಡು, ನೆಲ ನೋಡುತ್ತಾ ಹೇಳಿದ. ನೆಟ್ ಇಲ್ಲದ ದಿನ, ಅಮ್ಮ ಬಿದ್ದದ್ದು ಎಂದೆಲ್ಲ ಶುರು ಮಾಡಿದವನು ಮಧ್ಯದಲ್ಲೇ ನಿಲ್ಲಿಸಿದ. ಅವೆಲ್ಲ ನೆಪದ ಹಾಗೆ ಕೇಳಿಸುತ್ತಿದ್ದವು.

"ನಾನು ಸುಳ್ಳು ಹೇಳ್ದೆ ಆಂಟಿ" ಎಂದ. "ಕಂಪ್ಯೂಟರಲ್ಲಿ ಏನೂ ಇರ್ಲಿಲ್ಲ. ನೋಡಿದೀನಿ ಅಂತ ಸುಮ್ನೆ ಹೇಳ್ದೆ. ನಿಮ್ಮ ತಂಗಿ ಅವರಿಗೆ ಆಗ ಇದು ಬಂದೇ ಇರ್ಲಿಲ್ಲ. ತೇಪೆ ಹಾಕ್ಸಿ ಮೊನ್ನೆ ಕಳ್ಸಿದ್ದು ನಾನೇ, ಅವರು ವಾಪಸ್ ಕಳ್ಸಿದಾರೆ."

ಚನ್ನವೀರಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಕಲ್ಯಾಣಮ್ಮ ಪಾರ್ಸೆಲ್ ತೆಗೆದುಕೊಂಡು, ಬಿಚ್ಚಿ, ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡರು. ಕೈ ನೇರ ಆ ಸ್ಯಾಟಿನ್ ಮೂಲೆಗೆ ಹೋಯಿತು. ಒಂದೊಂದು ಮೂಲೆಯಲ್ಲೂ ಒಂದು ಚಿಟಿಕೆ ಜೋಳ ಇಟ್ಟು ಹೊಲಿಯುವುದು ನಮ್ಮವ್ವನ ಪದ್ಧತಿ, ಮಗುವಿಗೆ ಊಟಕ್ಕೆ ಕಮ್ಮಿಯಾಗಬಾರದು ಅಂತ, ಅದಕ್ಕೇ ಇಲಿ ಆ ಮೂಲೆಗೇ ಬಂದಿದೆ ಎಂದು ತಮ್ಮಷ್ಟಕ್ಕೇ ಎಂಬಂತೆ ಹೇಳಿದರು. ಅವರು ಬೈದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳಲು ಅವನು ತಯಾರಾಗಿ ಬಂದಿದ್ದ. ಕಲ್ಯಾಣಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ಅವರು ಹೆದರಿದ್ದರು.

"ನಾನು ನನ್ನ ತಂಗಿಗೆ ಏನಂದೆ ಗೊತ್ತೇನ್ರಿ ನಿಮಗೆ?" ಎಂದರು. "ದಾವಣಗೆರೆ ಬೀಗರ ಮುಂದೆ ಹಳೇ ಸೀರೆ ಹಾಸೋಕೆ ನಿನಗೆ ನಾಚಿಕೆ ಆತು, ಅದಕ್ಕೆ ಒಳಗೆ ಮುಚ್ಚಿಟ್ಟು ಬಂದಿಲ್ಲ ಅಂತೀಯ ಅಂದೆ. ನಮ್ಮವ್ವ ಇದ್ದಿದ್ರೆ ನಿನ್ನ ಮುಖ ನೋಡ್ತಿರಲಿಲ್ಲ ಅಂದೆ. ಅವಳು ಅಳ್ತಾ ಇದ್ದಳು, ನಾನು ಫೋನ್ ಇಟ್ಟೆ."

ಮೋಹನನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. ತಾನೇ ರಾಣೆಬೆನ್ನೂರಿಗೆ ಹೋಗಿ ಕೊಟ್ಟು ಬರುತ್ತೇನೆ, ನಾಳೆಯೇ ಹೊರಡುತ್ತೇನೆ ಎಂದ. ಕಲ್ಯಾಣಮ್ಮ ಕೌದಿಯನ್ನು ಮಡಚಿ ಪಕ್ಕಕ್ಕೆ ಎಳೆದುಕೊಂಡರು. ಬೇಡ, ಇನ್ನು ಇದನ್ನು ಯಾರ ಕೈಗೂ ಕೊಡುವುದಿಲ್ಲ ಎಂದರು. ಆಮೇಲೆ ತಮ್ಮ ಫೋನಿನಲ್ಲಿ ತಂಗಿಯ ನಂಬರ್ ಒತ್ತಿ ಅವನ ಮುಂದೆ ಹಿಡಿದರು. ನೀವೇ ಹೇಳ್ರಿ ಎಂದರು. ತಾವು ಮಾತಾಡಿದರೆ ಅವಳು ಕೇಳಿಸಿಕೊಳ್ಳುತ್ತಾಳೋ ಇಲ್ಲವೋ ಎಂಬ ಅಳುಕು ಅವರಿಗಿತ್ತು.

ಸರ್ವಮಂಗಳ ಎತ್ತಿದಳು. ಮೋಹನ ತಾನು ಯಾರೆಂದು ಹೇಳಿ, ಮಧ್ಯಾಹ್ನ ಫೋನ್ ಮಾಡಿದ್ದವನೂ ತಾನೇ ಎಂದು ಒಪ್ಪಿಕೊಂಡು, ಎಲ್ಲವನ್ನೂ ಮತ್ತೊಮ್ಮೆ ಹೇಳಿದ. ತೇಪೆ ಹಾಕಿಸಿದ್ದು ನಾನು, ನಿಮ್ಮ ಅಕ್ಕನಿಗೆ ಅದು ಗೊತ್ತೇ ಇರಲಿಲ್ಲ ಎಂದ. ಮತ್ತೊಮ್ಮೆ ಹೇಳುವುದು ಇನ್ನೂ ಕಷ್ಟವಾಗಿತ್ತಂತೆ. ಆ ಕಡೆ ಮಗುವೊಂದು ಏನೋ ಉಲಿಯುತ್ತಿದ್ದುದು ಕೇಳಿಸುತ್ತಿತ್ತು.

"ಅಕ್ಕ ಅಲ್ಲೇ ಅದಾಳೇನ್ರಿ?" ಎಂದಳು ಕೊನೆಗೆ.

ಕಲ್ಯಾಣಮ್ಮ ಫೋನ್ ಇಸಿದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಮೋಹನ, ಚನ್ನವೀರಪ್ಪ ಇಬ್ಬರೂ ಹೊರಗೆ ಕೂತರು. ಒಳಗಿನ ಮಾತು ಕೇಳಿಸಲಿಲ್ಲ. ನಡುನಡುವೆ ಮೂಗು ಸೀಟುವುದಷ್ಟೇ. ಕಾಫಿ ಕೆನೆಗಟ್ಟಿತು. ಎಷ್ಟು ಹೊತ್ತಾದರೂ ಅವರು ಹೊರಗೆ ಬಾರದಿದ್ದಾಗ ಚನ್ನವೀರಪ್ಪ ಮೆಲ್ಲಗೆ, ನೀವು ಹೊರಡಿ ಎಂದರು. ಕೈಮುಗಿದು ಮೆಟ್ಟಿಲಿಳಿದ.

ದೀಪಾವಳಿಗೆ ಸರ್ವಮಂಗಳ, ವಚನಾ ಮಗುವನ್ನು ಕರೆದುಕೊಂಡು ಬಂದರು. ಕಲ್ಯಾಣಮ್ಮ ಅವರನ್ನು ತಿರುವಿನಲ್ಲೇ ಎದುರುಗೊಂಡದ್ದನ್ನು ಮೋಹನ ಅಂಗಡಿಯೊಳಗಿನಿಂದಲೇ ನೋಡಿದ. ಆಟೋದಿಂದ ಇಳಿದ ಮಗು ಆಗಲೇ ಅಮ್ಮನ ಸೊಂಟದ ಮೇಲೆ ನೆಟ್ಟಗೆ ಕೂರುತ್ತಿತ್ತು, ಕಂಡದ್ದಕ್ಕೆಲ್ಲ ಕೈ ಚಾಚುತ್ತಿತ್ತು. ತೊಟ್ಟಿಲ ವಯಸ್ಸು ದಾಟಿದ್ದು ಅವನಿಗೂ ತಿಳಿಯಿತು. ಮೂವರು ಹೆಂಗಸರೂ ಒಟ್ಟಿಗೆ ನಗುತ್ತಾ ಹೋದರು. ಅವನು ಪರದೆಯ ಹಿಂದೆ ಬಗ್ಗಿ ಕೂತ.

ಅಲ್ಲಿಂದ ಮುಂದೆ ಕಲ್ಯಾಣಮ್ಮ ಅವನ ರಸ್ತೆಗೆ ಬರುವುದನ್ನೇ ಬಿಟ್ಟರು. ತರಕಾರಿಗೂ ಸುತ್ತು ಬಳಸಿ ಹೋಗುತ್ತಿದ್ದರು. ಏನಾದರೂ ಕಳಿಸಬೇಕಾದರೆ ಆ ಮಂಡಿಯಲ್ಲೇ ಆಟೋ ಹತ್ತಿ ರಾಜಾಜಿನಗರದವರೆಗೆ ಹೋಗುತ್ತಾರೆ ಎಂದು ಯಾರೋ ಹೇಳಿದರು. ಅವರಿಗೆ ತನ್ನ ಮೇಲೆ ಕೋಪ, ಅದು ನ್ಯಾಯವೇ ಎಂದು ಅವನು ಒಪ್ಪಿಕೊಂಡಿದ್ದ. ಆ ಕೋಪವನ್ನು ತನಗೆ ಸಲ್ಲಬೇಕಾದ ಶಿಕ್ಷೆ ಎಂದುಕೊಂಡರೆ ಅವನಿಗೆ ಒಂದಿಷ್ಟು ಸಮಾಧಾನವೂ ಆಗುತ್ತಿತ್ತು. ಅಂಗಡಿಯಲ್ಲಿ ಅವನ ಮಾತು ಕಡಿಮೆಯಾಯಿತು. ಯಾರಾದರೂ ಏನಾದರೂ ಕೇಳಿದರೆ, ಗೊತ್ತಿಲ್ಲ ಸಾರ್, ನೋಡಿ ಹೇಳ್ತೀನಿ ಎನ್ನತೊಡಗಿದ. ಪರದೆಯನ್ನು ಗಿರಾಕಿಗಳಿಗೂ ಕಾಣುವಂತೆ ತಿರುಗಿಸಿಟ್ಟ. ಮೋಹನನಿಗೆ ಏನೋ ಆಗಿದೆ, ಮೊದಲಿನ ಚುರುಕಿಲ್ಲ ಎಂದು ಜನ ಆಡಿಕೊಂಡರು.

ನವೆಂಬರ್ ಕೊನೆಯಲ್ಲಿ ಚನ್ನವೀರಪ್ಪ ಪೆನ್ಷನ್ ಕಾಗದಗಳ ಜೆರಾಕ್ಸ್‌ಗೆ ಬಂದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮೋಹನ ಕಾಗದಗಳನ್ನು ಜೋಡಿಸುತ್ತಾ, ಆಂಟಿ ಹೇಗಿದ್ದಾರೆ ಎಂದು ಕೇಳಿದ. ಚೆನ್ನಾಗಿದ್ದಾಳೆ, ಆ ತೇಪೆ ಬಿಚ್ಚಿ ಮತ್ತೆ ಕೈಯಲ್ಲೇ ಹೊಲಿದಳು, ತಂಗಿ ಊರಿಗೆ ತೆಗೆದುಕೊಂಡು ಹೋದಳು ಎಂದರು.

ನನ್ನ ಮೇಲೆ ಕೋಪ ಇರುವುದು ಸಹಜ ಸಾರ್ ಎಂದ ಮೋಹನ, ತಲೆ ಎತ್ತದೆ.

ಚನ್ನವೀರಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಕೋಪ ಏನಿಲ್ಲಪ್ಪ" ಎಂದರು. "ಅವಳಿಗೇ ನಿಮ್ಮ ಮುಂದೆ ಬರೋಕೆ ನಾಚಿಕೆ. ಒಡಹುಟ್ಟಿದವಳಿಗೆ ಅಂಥ ಮಾತೆಲ್ಲ ಅಂದೆ, ಅದನ್ನ ಹೊರಗಿನವರ ಮುಂದೆ ಬೇರೆ ಹೇಳಿಬಿಟ್ಟೆ, ಇನ್ನು ಅವರ ಅಂಗಡಿ ಮೆಟ್ಟಿಲು ಹೆಂಗೆ ಹತ್ತಲಿ ಅಂತಾಳೆ."

ಮೋಹನನ ಕೈಯಲ್ಲಿದ್ದ ಕಾಗದಗಳು ಹಾಗೇ ನಿಂತವು. ಇಲ್ಲ ಸಾರ್, ಅವರಿಗ್ಯಾಕೆ ನಾಚಿಕೆ, ನಾನಲ್ಲವೇ, ಎಂದು ಏನೇನೋ ಹೇಳಲು ಹೋಗಿ ತಡವರಿಸಿದ. ಚನ್ನವೀರಪ್ಪ ಕಾಗದಗಳನ್ನು ತೆಗೆದುಕೊಂಡು, ಇದನ್ನು ನಾನು ಹೇಳಿದೆ ಅಂತ ಅವಳಿಗೆ ತಿಳಿಯುವುದು ಬೇಡ ಎಂದು ಸ್ಕೂಟರಿನತ್ತ ನಡೆದರು. ಅವರು ತಿರುವಿನಲ್ಲಿ ಮರೆಯಾಗುವವರೆಗೂ ಮೋಹನ ಕೌಂಟರಿನ ಹಿಂದೆ ನಿಂತೇ ಇದ್ದ. ಮಾನಸ ಊಟಕ್ಕೆ ಕರೆಯಲು ಬಂದು, ಏನಾಯಿತು ಎಂದು ಕೇಳಿದಳು. ಹೇಳಿದ.